ಮರದ ಹಿಂಬದಿಯ ಬಾಣಗಳು

ಊರಂಚಿನ ಕಾಡುಪಾರ್ಕಿಗೆ ನಡೆಯಲು ಬರುವವರೆಲ್ಲ ಆಕೆಯನ್ನು ಬಾಣದಮ್ಮ ಎಂದೇ ಕರೆಯುತ್ತಿದ್ದರು. ಕಾಲುದಾರಿಯ ಉದ್ದಕ್ಕೂ ಮರಗಳ ಮೇಲೆ ಹಳದಿ ಬಾಣ ಬರೆಯುವುದು ಆಕೆಯ ಕೆಲಸ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದಳು. ಹಾಳಾದ ಫ್ಲೆಕ್ಸ್ ಬಂದು ಆ ಹೊಟ್ಟೆಪಾಡಿಗೆ ಕಲ್ಲು ಹಾಕಿತು. ಆದರೇನು, ಪಳಗಿದ ಕೈ! ಆಕೆಯ ಬಾಣ ಹಿಡಿದು ಹೊರಟರೆ ಓದು ಬಾರದ ಅಜ್ಜಿಯೂ ಕಾಡು ಸುತ್ತಿ ನೆಟ್ಟಗೆ ಮನೆ ಸೇರುತ್ತಿದ್ದಳು.

ಅಷ್ಟಿದ್ದರೂ ಭಾವನ ಬಾಯಿ ಮುಚ್ಚಿಸಲಾಗಲಿಲ್ಲ. ಅಕ್ಕನ ಗಂಡ ಜೀವಮಾನವೆಲ್ಲ ಲಾರಿ ಓಡಿಸಿದವನು. ಯಾರನ್ನಾದರೂ ದಾರಿ ಕೇಳುವುದೆಂದರೆ ಮಾನ ಹೋದಂತೆ ಅವನಿಗೆ. "ಮರಕ್ಕೆ ಬಣ್ಣ ಹಚ್ಚೋಕೂ ಸಂಬಳ ಕೊಡ್ತಾರಾ? ಪುಣ್ಯವಂತೆ ಕಣಮ್ಮ ನೀನು" ಎಂದು ನಾಲ್ಕು ಜನರೆದುರು ಕಿಚಾಯಿಸುತ್ತಿದ್ದ. ಒಂದು ಸಲ ಬಂದು ನೋಡಲಿ ಎಂದು ಬಾಣದಮ್ಮನಿಗೆ ಬಹಳ ಆಸೆಯಿತ್ತು. ಆಸಾಮಿ ಜಪ್ಪಯ್ಯ ಅಂದರೂ ಬಂದಿರಲಿಲ್ಲ.

ಮಳೆ ಬಿಡದೆ ಸುರಿದ ಆ ವಾರ ಪಾರ್ಕಿನ ನಡುವಿನ, ನೀರು ತುಂಬಿದ ಹಳೆಯ ಕಲ್ಲುಕ್ವಾರಿಯ ಅಂಚು ಬಿರುಕು ಬಿಟ್ಟಿತು. ಅಲ್ಲಿದ್ದ ಸಿಮೆಂಟ್ ಬೆಂಚೊಂದು ಸದ್ದಿಲ್ಲದೆ ನೀರಿಗಿಳಿದು ಹೋಯಿತು. ಅಂಚಿನ ದಾರಿ ಮುಚ್ಚಿ, ದಿಬ್ಬದ ಮೇಲಿನಿಂದ ಜನರನ್ನು ಕಳಿಸು ಎಂದು ಮೇಸ್ತ್ರಿ ಹೇಳಿದ.

ಬಾಣದಮ್ಮ ಬೆಳಿಗ್ಗೆಯೇ ಬ್ರಷ್ಷು ಹಿಡಿದಳು. ಆಕೆಯದೊಂದು ಪದ್ಧತಿಯಿತ್ತು. ದೊಡ್ಡ ಗೇಟಿನಿಂದ ಹೋಗುವವರ ಬಾಣ ಮೊದಲು. ಮರದ ಹಿಂಬದಿಯಲ್ಲಿರುವ, ವಾಪಸು ಬರುವವರ ಬಾಣ ಆಮೇಲೆ. ಹೋದವರೇ ತಾನೇ ವಾಪಸು ಬರುವುದು? ಮುಂಬದಿಯ ಬಾಣಗಳನ್ನೆಲ್ಲ ಅಳಿಸಿ, ದಿಬ್ಬದ ಕಡೆಗೆ ಹೊಸದು ಬರೆದು, ದೊಡ್ಡ ಗೇಟಿನ ಕಡೆಯ ಕವಲಿನಲ್ಲಿ ಹಗ್ಗ ಕಟ್ಟಿದಳು. ಬಣ್ಣ ಮುಗಿದಿತ್ತು. ಊಟ ಮುಗಿಸಿ ಹಿಂಬದಿಯದು ನೋಡಿಕೊಳ್ಳೋಣ ಎಂದು ಶೆಡ್ಡಿಗೆ ಬಂದು ಡಬ್ಬಿ ಬಿಚ್ಚಿದಳು.

ಅಷ್ಟರಲ್ಲಿ ಅಕ್ಕನ ಫೋನು. "ಏ, ನಿನ್ನ ಪಾರ್ಕಲ್ಲೇ ಇದ್ದೀವಿ ಕಣೇ! ನಿಮ್ಮ ಭಾವಂಗೆ ಇವತ್ತು ಅದೇನಾಯ್ತೋ, ನಡಿ ನೋಡ್ಕೊಂಡು ಬರೋಣ ಅಂದ್ಬಿಟ್ರು."

"ನಿಜವಾಗ್ಲೂ? ಗೇಟ್ ಹತ್ರಾನೇ ಇರಿ, ಬಂದೆ."

"ಗೇಟ್ ದಾಟಿ ಆಗ್ಲೇ ಎಷ್ಟೋ ದೂರ ಬಂದ್ವಿ. ಬಡಾವಣೆ ಹಿಂದೆ ಹೊಸ ಗೇಟ್ ಮಾಡಿದಾರಲ್ಲ, ಅಲ್ಲಿಂದ."

ಬಾಣದಮ್ಮ ಊಟದ ಡಬ್ಬಿ ಬದಿಗೆ ತಳ್ಳಿ ಎದ್ದಳು. ದಾರಿಯ ಆಚೆ ತುದಿಯ ಆ ಗೇಟು ಮೊನ್ನೆ ಮೊನ್ನೆ ತೆರೆದದ್ದು. ಗೊತ್ತಿದ್ದೂ ಹಳೆಯ ಅಭ್ಯಾಸಬಲದಲ್ಲಿ ಮರೆತಿದ್ದಳು. ಅಲ್ಲಿಂದ ಹೊರಟವರಿಗೆ ಕಾಣುವುದು ಇನ್ನೂ ಅಳಿಸದ ಹಿಂಬದಿಯ ಬಾಣಗಳೇ. ಅವು ನೇರ ಕ್ವಾರಿಯ ಅಂಚಿಗೇ ಕರೆದೊಯ್ಯುತ್ತವೆ.

"ಅಕ್ಕಾ, ಇಬ್ರೂ ಅಲ್ಲೇ ನಿಂತ್ಕೊಳ್ಳಿ! ಹೆಜ್ಜೆ ಕಿತ್ತಿಡಬೇಡಿ!" ಎಂದು ಕಿರುಚಿದಳು. ಫೋನು ಗೊರಗೊರ ಎಂದು ಸತ್ತುಹೋಯಿತು. ಮತ್ತೆ ಮಾಡಿದರೆ ತಾಗಲೇ ಇಲ್ಲ.

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅಂಚಿನ ದಾರಿಯಲ್ಲಿ ಕಾಲಿಡುವಂತಿರಲಿಲ್ಲ. ದಿಬ್ಬ ಹತ್ತಿಯೇ ಆಚೆ ಇಳಿಯಬೇಕು. ಕೆಸರು ಹಿಡಿದೆಳೆಯುತ್ತಿತ್ತು. ಅಯ್ಯೋ ದೇವರೇ, ಇವರು ಇವತ್ತೇ ಬರಬೇಕಿತ್ತೇ! ದಿಬ್ಬದ ನೆತ್ತಿ ತಲುಪುವಾಗ ಕೆಳಗೆ, ಮರಗಳ ಮರೆಯಲ್ಲಿ, ಮಣ್ಣು ಜರಿದ ಸದ್ದಾಯಿತು. ನಿಂತು ಆಲಿಸಿದಳು. ಮತ್ತೇನೂ ಕೇಳಿಸಲಿಲ್ಲ.

ಆಚೆ ಇಳಿದರೆ ಅಕ್ಕ ಬಂಡೆಯ ಮೇಲೆ ಕುಳಿತು, ಉಂಗುಟ ಕಿತ್ತ ಚಪ್ಪಲಿಯೊಡನೆ ಗುದ್ದಾಡುತ್ತಿದ್ದಳು. ಬಾಣದಮ್ಮ ಅವಳನ್ನು ಬಾಚಿ ತಬ್ಬಿ ಗಳಗಳ ಅತ್ತಳು. ಹೋದ ಜೀವ ಬಂದಂತಾಗಿತ್ತು.

"ಭಾವ ಎಲ್ಲಿ?"

"ಮುಂದೆ ಹೋದ್ರು."

"ಭಾವಾ! ಭಾವಾ!" ಗಂಟಲು ಹರಿಯುವಂತೆ ಕೂಗಿದಳು. ಯಾರೂ ಓಗೊಡಲಿಲ್ಲ.

ಅಕ್ಕನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಲೇ ಹೇಳಿದಳು: "ಫೋನಲ್ಲಿ ನೀನು ಏನಂದ್ಯೋ ಕೇಳಿಸ್ಲಿಲ್ಲ. ತಡೀರಿ, ಯಾರನ್ನಾದ್ರೂ ದಾರಿ ಕೇಳೋಣ ಅಂದೆ. ಕೇಳೋದೇನು ಬಂತು, ನನ್ನ ನಾದಿನಿ ಬರೆದಿರೋ ದಾರಿ ಇದು, ಕಣ್ಮುಚ್ಕೊಂಡು ಹೋಗ್ತೀನಿ ಅಂದ್ರು ಕಣೇ."