ಬೆಚ್ಚಗಿನ ಚೀಲಗಳು

ಮಧ್ಯಾಹ್ನ ಮೂರೂ ಹತ್ತಕ್ಕೆ ಹಿತ್ತಲ ಶೆಡ್ಡಿನಿಂದ ಬೀಡಿಯಂಥ ವಾಸನೆ ಬಂತು. ಒಳಗಿದ್ದವರು ನಮ್ಮ ಅತ್ತೆ ಒಬ್ಬರೇ; ಕಾಫಿ ಹೊಟ್ಟಿನ ಚೀಲಗಳಿಗೆ ಬೆನ್ನು ಕೊಟ್ಟು ಮಲಗಿದ್ದರು. ಅತ್ತೆ ಬೀಡಿ ಸೇದುವವರಲ್ಲ.

ತೊಂಬತ್ತರ ದಶಕದ ಆರಂಭ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಗೋವೆಯ ವಾಸ್ಕೋಗೆ ಬಂದಿದ್ದೆ. ಗಂಡನ ಲಾರಿ ಘಟ್ಟದ ಕಾಫಿ ತೋಟಕ್ಕೆ ಮೀನುಗೊಬ್ಬರ ಒಯ್ಯುತ್ತಿತ್ತು. ಖಾಲಿ ಬರಬಾರದೆಂದು ಬೀಜ ಸುಲಿದುಳಿದ ಹೊಟ್ಟು ತುಂಬಿಕೊಂಡು ಬರುತ್ತಿತ್ತು. ಹೊಟ್ಟು ಓಣಿಯ ಬೇಕರಿಯಲ್ಲಿ ಪಾವ್ ಬ್ರೆಡ್ಡು ಸುಡುವ ಒಲೆಗೆ. ಒಲೆಯ ಬೂದಿ ಮುಂದಿನ ಟ್ರಿಪ್ಪಿಗೆ ಮೀನಿನ ಪಕ್ಕ ಕೂತು ಮತ್ತೆ ಕಾಫಿ ಗಿಡದ ಬುಡಕ್ಕೆ. ಏನೂ ಹಾಳಾಗುವುದಿಲ್ಲವೆಂದು ಗಂಡನಿಗೆ ಹೆಮ್ಮೆ. ಲಾರಿಯ ನಾತ ಮಾತ್ರ ನಮ್ಮ ಪಾಲಿಗೆ.

ಆ ಮಳೆಗಾಲ ತಾಡಪಾಲು ಸೋರಿ ಒಂದು ಲೋಡು ನೆನೆಯಿತು. ಬೇಕರಿಯವರು ಬೇಡವೆಂದರು. ಒಣಗಲೆಂದು ಶೆಡ್ಡಿನಲ್ಲಿ ಸೂರಿನವರೆಗೆ ಒಟ್ಟಿದೆವು. ಹೊಟ್ಟು ಒಳಗೊಳಗೇ ಕೊಳೆತು, ಕೆಲವೇ ದಿನಗಳಲ್ಲಿ ಚೀಲಗಳು ತಾವಾಗಿಯೇ ಬೆಚ್ಚಗಾದವು. ವಿಜಾಪುರದ ಬಿಸಿಲಲ್ಲಿ ಬೆಳೆದ ಅತ್ತೆಗೆ ಗೋವೆಯ ಥಂಡಿಯಲ್ಲಿ ಮೊಣಕಾಲು ಹಿಡಿಯುತ್ತಿದ್ದವು. ಅವರಿಗದು ಸ್ವರ್ಗ.

“ಒಲಿ ಇಲ್ಲ, ಹೊಗಿ ಇಲ್ಲ, ಎಂಥಾ ಕಾವು ನೋಡವಾ!”

ಸುದ್ದಿ ಹಬ್ಬಿ, ಉಂಡ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಆತು ಕೂರತೊಡಗಿದರು. ಪಕ್ಕದ ಮನೆಯ ಖಾಲಾ ಕೆಣಕುತ್ತಿದ್ದರು: “ಮಗಾ ಸೊಸಿ ತಂದಾನ, ನೀವು ಚೀಲಾ ಹಿಡಕೊಂಡು ಕುಂತೀರಲ್ರೀ!”

“ಸೊಸಿಗೆ ಕಾಲ ಒತ್ತಂದ್ರ ಪುಸ್ತಕಾ ಹಿಡೀತಾಳ. ಚೀಲಾ ಹಂಗಲ್ಲ.”

ಆ ಸೊಸೆಯೂ ಅದೇ ಚೀಲಗಳ ಮೇಲೆ ಒದ್ದೆ ಸೀರೆ ಒಣಹಾಕುತ್ತಿದ್ದಳು.

ಆ ಮಧ್ಯಾಹ್ನ ವಾಸನೆ ಹಿಡಿದು ಓಡಿದೆ. ನಡುವಿನ ಚೀಲಗಳ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

“ಅತ್ತೀ, ಏಳ್ರಿ! ಹೊಗಿ ಬರಾಕತ್ತೈತಿ!”

“ಇರವಾ, ಈಗರ ಕಣ್ಣು ಹತ್ಯಾವು...”

ಕಂಕುಳಿಗೆ ಕೈಹಾಕಿ ಎಳೆದೆ. ಅವರು ಆತಿದ್ದ ಚೀಲ ಉರುಳಿ ಬಿರಿಯಿತು. ಒಳಗೆ ಕೆಂಡ. ಬಾಗಿಲ ಗಾಳಿ ತಾಕಿದ್ದೇ ತಡ, ಅದು ಭಗ್ಗೆಂದಿತು. ಅತ್ತೆಯ ಸೆರಗು ಚೀಲದಡಿ ಸಿಕ್ಕಿತ್ತು. ಒಮ್ಮೆ ಎಳೆದೆ, ಬರಲಿಲ್ಲ. ಈಗಲೂ ನಾನು ನೆನೆಯುವುದು ಆ ಒಮ್ಮೆಯನ್ನೇ. ಮತ್ತೊಮ್ಮೆ ಎಳೆದಾಗ ಪರ್ ಎಂದು ಹರಿದು, ಇಬ್ಬರೂ ಅಂಗಳದ ಕೆಸರಿಗೆ ಬಿದ್ದೆವು.

“ನನ್ನ ಇಳಕಲ್ ಸೀರಿ!” ಎಂದು ಅತ್ತೆ ಅಳತೊಡಗಿದರು.

ಖಾಲಾ ಕೊಡ ತಂದರು, ಬೇಕರಿಯವರು ಬಕೆಟ್ಟು ತಂದರು. ಶೆಡ್ಡಿನ ಸೂರು ಹೋಯಿತು, ಅತ್ತೆ ಉಳಿದರು.

ಆಮೇಲೆ ನಾವು ಹೊಟ್ಟನ್ನು ಒಟ್ಟಲಿಲ್ಲ. ಒಣಗಿದ್ದನ್ನು ಬಂದ ದಿನವೇ ಬೇಕರಿಗೆ ಕೊಟ್ಟೆವು. ಒದ್ದೆಯದನ್ನು ಮನೆಯಿಂದ ದೂರ ಗುಂಡಿ ತೋಡಿ, ಮೀನಿನ ಕಸದ ಜೊತೆ ಕೊಳೆಹಾಕಿದೆವು. ತೋಟಕ್ಕೆ ಇನ್ನೊಂದು ಬಗೆಯ ಗೊಬ್ಬರವಾಯಿತು. ಆದರೆ ಕೊಳೆಯುವ ಗುಂಡಿಯೂ ಬಿಸಿಯೇ. ನೀರು ಹಾಕಿ ತಿರುವುತ್ತಿದ್ದರೆ ಅದು ಉರಿಯದೆಂದು ನನಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ. ರಾತ್ರಿ ಎರಡೆರಡು ಸಲ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದೆ.

ಮಳೆ ನಿಂತ ಮೇಲೆ ಗುಂಡಿ ತಣ್ಣಗಾಯಿತು. ಗಂಡ ಕಪ್ಪು ಗೊಬ್ಬರ ತುಂಬಿಕೊಂಡು ಘಟ್ಟಕ್ಕೆ ಹೊರಟ. ಅಂದು ರಾತ್ರಿ ಅತ್ತೆ ನನ್ನ ಪಕ್ಕ ಹಾಸಿಕೊಂಡು, ನನಗೆ ಬೆನ್ನು ಮಾಡಿದರು.

“ಮುಟ್ಟೂದ ಚಟಾ ಆಗೈತಿ ನಿನಗ. ಇಲ್ಲೇ ಕೈ ಇಟ್ಟು ಮಲಗು. ಕಾವು ಹೆಚ್ಚಾದ್ರ ಎಬ್ಬಸು.”

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಏಳವಾ! ಪಾವ್ ಮಾರಾಂವ ಸೈಕಲ್ ಹಾರ್ನ್ ಹೊಡದು ಹೊಡದು ಹೋದ. ಇವತ್ತ ಚಹಾಕ್ಕ ಏನ್ ಅದ್ದಕೊಂಡ್ ತಿನ್ನೂದು?”