ಗಾಜು ನನ್ನದು, ಮೀನು ಗಿರಿಜಳದು

ಒಂದು ಹೆಸರು ಬರೆಯಬೇಕಿತ್ತು. ಬರೆಯಲಿಲ್ಲ.

ಕಳೆದ ತಿಂಗಳು ಇದೇ ಅಂಕಣದಲ್ಲಿ ನಮ್ಮ ಮನೆಯ ಆರಡಿ ಮೀನಿನ ಟ್ಯಾಂಕ್ ಬಗ್ಗೆ ಬರೆದಿದ್ದೆ. ನೆನಪಿದೆಯಲ್ಲ? ಓದಿದ ಮೇಲೆ ನಿಮ್ಮಲ್ಲಿ ಎಷ್ಟೋ ಜನ ಹಲಸೂರಿನ ನನ್ನ ಗಾಜಿನ ಅಂಗಡಿಗೇ ಬಂದು ವಿಚಾರಿಸಿದಿರಿ. ಕೆಲವರು ಮನೆಗೂ ಬಂದು, ಟ್ಯಾಂಕ್ ನೋಡಿ, ಕಾಫಿ ಕುಡಿದು ಹೋದಿರಿ. ಆ ಬರಹದಲ್ಲಿ ಒಂದು ಸಾಲು ಇತ್ತು: "ಒಂದೊಂದು ಮೀನನ್ನೂ ನಾನೇ ನೋಡಿ ಆರಿಸಿದೆ."

ಆ ಸಾಲು ಸುಳ್ಳು.

ಟ್ಯಾಂಕ್ ನನ್ನದೇ, ಅದರಲ್ಲಿ ಅನುಮಾನ ಬೇಡ. ಹನ್ನೆರಡು ಎಂಎಂ ಗಾಜು. ನಾನೇ ಕತ್ತರಿಸಿದ್ದು, ನಾನೇ ಅಂಚು ಉಜ್ಜಿದ್ದು, ನಾನೇ ಸಿಲಿಕೋನ್ ಅಂಟು ಎಳೆದದ್ದು. ಇವತ್ತಿಗೂ ಒಂದು ಹನಿ ಸೋರಿಲ್ಲ. (ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹೆಮ್ಮೆಪಡಲು ನನ್ನ ಹತ್ತಿರ ಇರುವುದೇ ಸ್ವಲ್ಪ. ಇದೊಂದನ್ನು ಬಿಟ್ಟುಕೊಡಲಾರೆ.) ಆದರೆ ಮೀನು? ಅವನ್ನು ಆರಿಸಿದ್ದು ನನ್ನ ತಂಗಿ ಗಿರಿಜ.

ಗಿರಿಜ ಶಿವಾಜಿನಗರದಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಾಳೆ. ಪಕ್ಕದ್ದೇ ಅನ್ವರ್ ಭಾಯ್ ಅವರ ಮೀನಿನ ಅಂಗಡಿ (ಸಾಕುವ ಮೀನು, ಸಾರಿನ ಮೀನಲ್ಲ). ಭಾಯ್ ನಮಾಜಿಗೆ ಹೋದಾಗೆಲ್ಲ ಅಂಗಡಿ ನೋಡಿಕೊಂಡವಳು ಇವಳೇ. ಮೊಬೈಲ್ ಬಂದು ಬೂತಿಗೆ ಜನ ಕಡಿಮೆಯಾದ ಮೇಲಂತೂ ಅರ್ಧ ದಿನ ಅಲ್ಲೇ. ಯಾವ ಮೀನು ಯಾವುದರ ಜೊತೆ ಹೊಂದುತ್ತದೆ ಅನ್ನುವುದನ್ನು ನೋಡಿ ನೋಡಿಯೇ ಕಲಿತಳು. ಕಲಿಯುವಾಗ ಕೆಲವು ಮೀನು ಸತ್ತವು. ಅದನ್ನೂ ಅವಳು ಮುಚ್ಚಿಡುವುದಿಲ್ಲ.

ಟ್ಯಾಂಕ್ ಸಿದ್ಧವಾದ ದಿನ ನಾನು ಟೇಪು ಹಿಡಿದು ಹೊರಟಿದ್ದೆ, ಎಲ್ಲ ಒಂದೇ ಉದ್ದದ ಮೀನು ತರೋಣ ಅಂತ. ಅವಳು ನಕ್ಕುಬಿಟ್ಟಳು.

"ಅಣ್ಣ, ಅದೇನು ಕಿಟಕೀನಾ ಅಳತೆ ತಗೊಳ್ಳೋಕೆ? ಉದ್ದ ನೋಡ್ಬೇಡ, ಬಾಯಿ ನೋಡು. ದೊಡ್ಡ ಮೀನಿನ ಬಾಯಿಗೆ ಹಿಡಿಸೋದೆಲ್ಲ ಅದಕ್ಕೆ ಊಟಾನೇ."

ಮೊದಲು ತನ್ನ ಆಸ್ಕರ್ ಮೀನನ್ನೇ ಕೊಟ್ಟಳು. ಬೆಂಕಿಪೊಟ್ಟಣದಷ್ಟಿದ್ದಾಗಿನಿಂದ ಬೂತಿನ ಕೌಂಟರ್ ಮೇಲೆ ಸಾಕಿದ್ದು. ಹೆಸರು ದೊರೆ. ಈಗ ಅಂಗೈಗಿಂತ ದೊಡ್ಡದಾಗಿ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಜೊತೆಗೆ ಐದು ಸಿಲ್ವರ್ ಡಾಲರ್ ಮೀನು ಆರಿಸಿದಳು. ತಟ್ಟೆಯಂಥ ಮೈ, ದೊರೆಯ ಬಾಯಿಗೆ ಹಿಡಿಸುವುದಿಲ್ಲ. ತಳದಲ್ಲಿ ಒಂದು ಸಕ್ಕರ್ ಮೀನು. ಒರಟು ಮೈ, ಯಾರ ತಂಟೆಗೂ ಹೋಗುವುದಿಲ್ಲ.

"ಎಲ್ಲರನ್ನೂ ಒಂದೇ ದಿನ ಬಿಡ್ಬೇಕು, ದೊರೇನ ಕೊನೇಲಿ. ಜೋರಿರೋನು ಮೊದಲು ಹೋದ್ರೆ ಓನರ್ ಆಗ್ಬಿಡ್ತಾನೆ. ಆಮೇಲೆ ಬಂದೋರೆಲ್ಲ ಬಾಡಿಗೆಯೋರು."

ಬೆಂಗಳೂರಿನಲ್ಲಿರುವವರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕೆ?

ಇಷ್ಟೆಲ್ಲ ಗೊತ್ತಿದ್ದೂ ಬರೆಯುವಾಗ ನನ್ನ ಪೆನ್ನು ಅವಳ ಹೆಸರಿನ ಹತ್ತಿರ ಬಂದು ನಿಂತಿತು. 'ನಾನೇ' ಅಂದರೆ ಸಾಲು ಗಟ್ಟಿಯಾಗಿ ಕೇಳಿಸುತ್ತದೆ ಅನ್ನಿಸಿತು. ಅಷ್ಟೇ ಕಾರಣ. ಪ್ರತಿ ವಾರ ನನ್ನ ಅಂಕಣವನ್ನು ಬೂತಿಗೆ ಬಂದವರಿಗೆಲ್ಲ ಓದಿ ಹೇಳುವವಳು ಅವಳು. ಆ ವಾರ ಓದಿ ಹೇಳಲಿಲ್ಲವಂತೆ.

ಒಂದು ಭಾನುವಾರ ಇಂದಿರಾನಗರದಿಂದ ಓದುಗರೊಬ್ಬರು ಮನೆಗೆ ಬಂದರು. ಇನ್ನೂ ನಾಲ್ಕು ಜನ ಟ್ಯಾಂಕ್ ನೋಡುತ್ತಾ ನಿಂತಿದ್ದರು. ಇಂದಿರಾನಗರದವರ ಕೈಯಲ್ಲಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಣೆ ಉಬ್ಬಿದ ಕೆಂಪು ಫ್ಲವರ್‌ಹಾರ್ನ್ ಮೀನು.

"ನಿಮಗೇ ಗಿಫ್ಟ್ ಸಾರ್. ಮನೆಗೆ ಲಕ್ಕಂತೆ. ಆಸ್ಕರ್ ಜೊತೆ ಬಿಡ್ಬಹುದಾ? ನೀವು ಎಕ್ಸ್‌ಪರ್ಟು, ನೀವೇ ಹೇಳ್ಬೇಕು."

ನನ್ನ ಹೆಂಡತಿ ಶಾಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಗಿರಿಜಂಗೆ ಒಂದು ಫೋನ್ ಮಾಡ್ರೀ" ಅಂದಳು.

ಅಷ್ಟು ಜನರ ಮುಂದೆ? ಎಕ್ಸ್‌ಪರ್ಟು ತಂಗಿಗೆ ಫೋನ್ ಮಾಡಿ ಕೇಳುವುದೇ? "ಎರಡೂ ಒಂದೇ ಸೈಜು, ಏನೂ ಆಗಲ್ಲ" ಅಂದೆ. ಚೀಲ ಬಿಚ್ಚಿ ಬಿಟ್ಟೆ. ಮೂರು ಮೂರು ಫೋನು ಮುಂದಿಟ್ಟುಕೊಂಡು ಕೂತಿರುವ ತಂಗಿಗೆ ಒಂದು ಫೋನ್ ಮಾಡಲು ನನ್ನಿಂದ ಆಗಲಿಲ್ಲ.

ಬಂದವರು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಜಗಳ ಶುರುವಾಯಿತು. ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ತಿರುಗಿದವು. ಸಂಜೆಗೆ ದೊರೆಯ ತುಟಿ ಹರಿದಿತ್ತು, ಪಕ್ಕೆಯ ಹುರುಪೆ ಕಿತ್ತುಬಂದಿತ್ತು. ಮೂಲೆಯಲ್ಲಿ ಒಂದು ಮಗ್ಗುಲಾಗಿ ಮಲಗಿಬಿಟ್ಟಿತು.

ಗಾಜಿನವನು ಆಗ ಏನು ಮಾಡುತ್ತಾನೆ? ಗಾಜು ಹಾಕುತ್ತಾನೆ. ಅಂಗಡಿಗೆ ಓಡಿ, ಅಳತೆಗೆ ಸರಿಯಾಗಿ ಒಂದು ಹಲಗೆ ಕತ್ತರಿಸಿ ತಂದು ಟ್ಯಾಂಕಿನ ನಡುವೆ ನಿಲ್ಲಿಸಿದೆ. ಎಂಥ ಕೆಲಸ ಗೊತ್ತೆ? ಅಲ್ಲಿ ಗಾಜಿದೆ ಅಂತ ಯಾರಿಗೂ ತಿಳಿಯದಷ್ಟು ಸ್ವಚ್ಛ!

ಮೀನುಗಳಿಗೂ ತಿಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಎದುರಾಳಿ ಕಣ್ಣೆದುರೇ ಇದ್ದಾನೆಂದು ಎರಡೂ ಅದೇ ಗಾಜಿಗೆ ಗುದ್ದಿಕೊಂಡು ಮೂತಿ ಊದಿಸಿಕೊಂಡಿದ್ದವು. ದೊರೆಗೆ ಉಸಿರಾಡಲೂ ಕಷ್ಟವಾಗುತ್ತಿತ್ತು.

ಆಗ ಫೋನ್ ಮಾಡಿದ್ದು ಶಾಂತ. ಗಿರಿಜ ಬೂತಿಗೆ ಬೀಗ ಹಾಕಿ ಆಟೋದಲ್ಲಿ ಬಂದಳು. ಟ್ಯಾಂಕ್ ನೋಡಿದಳು. ನನ್ನನ್ನು ನೋಡಿದಳು.

"ಏನಣ್ಣ ಇದು? ಜಗಳ ಆಡೋರ ಮಧ್ಯೆ ಗೋಡೆ ಕಟ್ತಾರೆ. ನೀನು ಕಿಟಕಿ ಇಟ್ಟಿದ್ದೀಯಲ್ಲ!"

"ಒಂದೇ ಸೈಜ್ ಇದ್ವು ಗಿರಿಜ..."

"ಆ ಫ್ಲವರ್‌ಹಾರ್ನ್ ಯಾರ ಜೊತೇನೂ ಇರಲ್ಲ. ಅದಕ್ಕೆ ಪೂರ್ತಿ ಮನೆ ತನಗೇ ಬೇಕು. ಹೋಗು, ಬಾತ್‌ರೂಮ್ ಕಿಟಕಿಗೆ ಹಾಕ್ತೀಯಲ್ಲ ಮಸುಕು ಗಾಜು, ಅದನ್ನ ತಗೊಂಬಾ."

ಗಾಜಿನ ಅಂಗಡಿ ನನ್ನದು. ಮಸುಕು ಗಾಜಿನ ಯೋಚನೆ ಅವಳದು! ನೀರು ಓಡಾಡಲು ಕೆಳಗೆ ಬೆರಳಷ್ಟು ಜಾಗ ಬಿಟ್ಟು ಅದನ್ನು ನಿಲ್ಲಿಸಿದೆವು. ಅವಳು ಸ್ವಲ್ಪ ನೀರು ಬದಲಿಸಿ, ಕಲ್ಲುಪ್ಪು ಕರಗಿಸಿ ಹಾಕಿದಳು. ದೊರೆಗೆ ಮನೆಯವರ ಓಡಾಟ ಕಾಣಬಾರದೆಂದು ಟ್ಯಾಂಕಿನ ಹೊರಗೆ ಅಂಟಿಸಲು ಹಳೇ ಪೇಪರ್ ಕೇಳಿದಳು. ಶಾಂತ ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ನನ್ನ ಗ್ರಹಚಾರಕ್ಕೆ ಅದೇ ಅಂಕಣ ಇದ್ದ ಪೇಪರ್.

ಗಿರಿಜ ಅದನ್ನು ನೋಡಿದಳು. ಅಂಕಣ ಹೊರಗೆ ಕಾಣುವಂತೆ ನೀಟಾಗಿ ಅಂಟಿಸಿದಳು.

ಶಾಂತ ಸುಮ್ಮನಿರಲಿಲ್ಲ. "ಬಾಯಿ ನೋಡಿ ಆರಿಸ್ಬೇಕು ಅಂತೀಯಲ್ಲ ಗಿರಿಜ, ಎಲ್ಲಕ್ಕಿಂತ ದೊಡ್ಡ ಬಾಯಿ ಟ್ಯಾಂಕಿಂದ ಹೊರಗಡೆ ನಿಂತಿದೆ ನೋಡು."

ದೊರೆ ಊಟ ಬಿಟ್ಟಿತು. ಗಿರಿಜ ದಿನಾ ಬೂತ್ ತೆರೆಯುವ ಮುಂಚೆ ಬಸ್ ಹಿಡಿದು ಬಂದು, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಸಿಗಡಿ ಚೂರು ಹಿಡಿದು ಕಾಯುತ್ತಿದ್ದಳು. ಅದು ಮುಖ ತಿರುಗಿಸುತ್ತಿತ್ತು. "ತಗೋ ಕಣೋ ದೊರೆ, ನಿನ್ನ ಮೇಲೆ ನಂಗೇನು ಕೋಪ" ಅನ್ನುತ್ತಿದ್ದಳು. ಯಾರ ಮೇಲೆ ಕೋಪ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ನಾನು ಸೋಫಾದಲ್ಲಿ ಕೂತು ನನ್ನದೇ 'ನಾನೇ'ಯನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಚೂರು ಮಾಯವಾಯಿತು. ಗಿರಿಜ ಒದ್ದೆ ಕೈಯಲ್ಲೇ ನನ್ನ ಬೆನ್ನಿಗೆ ಹೊಡೆದಳು. "ತಿಂದ ಅಣ್ಣ, ತಿಂದ!"

ಫ್ಲವರ್‌ಹಾರ್ನ್ ಈಗ ಅವಳ ಬೂತಿನಲ್ಲಿದೆ. ಜನ ಬಾರದ ಒಂದು ಫೋನ್ ಕ್ಯಾಬಿನ್ ಕಿತ್ತು, ಆ ಜಾಗಕ್ಕೆ ನಾನೇ ನಾಲ್ಕಡಿ ಟ್ಯಾಂಕ್ ಮಾಡಿಕೊಟ್ಟೆ. (ಈ 'ನಾನೇ' ನಿಜ.) ಮೊನ್ನೆ ಅಲ್ಲಿಗೆ ಹೋದಾಗ ಮೀನು ಕೊಳ್ಳಲು ಹೊರಟಿದ್ದ ಹೆಂಗಸೊಬ್ಬರಿಗೆ ಹೇಳುತ್ತಿದ್ದಳು: "ಮೇಡಂ, ಈಗ ಎಷ್ಟಿದೆ ಅಂತ ನೋಡ್ಬೇಡಿ, ಎಷ್ಟಾಗುತ್ತೆ ಅಂತ ಕೇಳಿ ತಗೊಳ್ಳಿ." ಅವರು ತಲೆಯಾಡಿಸುತ್ತಾ ಕೇಳುತ್ತಿದ್ದರು. ಹನ್ನೆರಡು ಎಂಎಂ ಗಾಜು ಕೊಡದ ಹೆಮ್ಮೆ ಅದು. ಇವಳು ನನ್ನ ತಂಗಿ ಅಂತ ರಸ್ತೆಗೆಲ್ಲ ಕೂಗಬೇಕು ಅನ್ನಿಸಿತು.

ಅಷ್ಟರಲ್ಲಿ ಆ ಇಂದಿರಾನಗರದವರೇ ತಮ್ಮ ಮೀನು ನೋಡಲು ಬಂದರು. "ಓ, ಎಕ್ಸ್‌ಪರ್ಟ್ ಇಲ್ಲೇ ಇದ್ದಾರೆ!" ಅಂತ ನನ್ನ ಕೈ ಕುಲುಕಿದರು.

"ನಾನಲ್ಲ ಸಾರ್, ಇವಳು. ನನ್ನ ತಂಗಿ ಗಿರಿಜ. ನಮ್ಮನೆ ಮೀನೆಲ್ಲ ಇವಳೇ ಆರಿಸಿದ್ದು. ಪೇಪರಲ್ಲಿ ನಾನು ಬರೆದಿದ್ದು ಸುಳ್ಳು."

ಗಿರಿಜ ತಿರುಗಲಿಲ್ಲ. ನೀರು ಬದಲಿಸುತ್ತಾ, "ಅಣ್ಣ, ಈ ಬಕೆಟ್ ಸ್ವಲ್ಪ ಹಿಡ್ಕೋ" ಅಂದಳು.

ಹಿಡಿದುಕೊಂಡೆ. ತುಂಬಿದ ಬಕೆಟ್, ಕೈ ಜಗ್ಗುತ್ತಿತ್ತು. ಕೆಳಗಿಡದೆ ಹೇಳಿದೆ:

"ತಪ್ಪಾಯ್ತಮ್ಮ ಗಿರಿಜ. ನಿನ್ನ ಹೆಸರು ಬರೀಬೇಕಿತ್ತು."