ಕಪ್ಪು ಹಣ್ಣು, ಮೂರು ಸ್ಟೂಲು

ಬೆಳಗಿನ ನಾಲ್ಕೂ ಮುಕ್ಕಾಲು. ಇಡೀ ಕಟ್ಟಡ ಗೊರಕೆ ಹೊಡೆಯುತ್ತಿರುವಾಗ ಎರಡನೇ ಮಹಡಿಯ ಒಂದೇ ಒಂದು ಮನೆಯ ಬಾಗಿಲು ಪೂರ್ತಿ ತೆರೆದಿದೆ. ಒಳಗೆ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದಾರೆ. ಒಬ್ಬಾಕೆ ಹಿಟ್ಟು ಲಟ್ಟಿಸುತ್ತಾರೆ, ಇನ್ನೊಬ್ಬಾಕೆ ಕರಿಯುತ್ತಾರೆ. ಅಂಗೈಯಗಲದ ದಪ್ಪ ಬಿಲ್ಲೆ ಎಣ್ಣೆಯ ತಳ ಸೇರಿ, ಮೇಲೆ ಬರುತ್ತದೆ. ಸೌಟಿನ ಬೆನ್ನಿಂದ ನಡುವೆ ಒಮ್ಮೆ ಒತ್ತಿದರೆ ಸಾಕು, ಉಬ್ಬಿ ಮಗ್ಗುಲಾಗುತ್ತದೆ. ಬಾಳೆಹಣ್ಣೂ ಜೀರಿಗೆಯೂ ಸೇರಿದ ಸಿಹಿ ಘಮ ಮೆಟ್ಟಿಲಿಳಿದು ಗೇಟಿನವರೆಗೂ ಹೋಗುತ್ತದೆ. ಜಗಳ ಶುರುವಾಗಿದ್ದೂ ಆ ಘಮದಿಂದಲೇ.

ಕರಿಯುತ್ತಿರುವವರನ್ನು ಬೀದಿಯವರೆಲ್ಲ ಬನ್ಸಕ್ಕ ಅನ್ನುತ್ತಾರೆ. ಲಟ್ಟಿಸುತ್ತಿರುವವರು ಅವರ ನಾದಿನಿ. ಮೂರನೆಯ ಸ್ಟೂಲು ಬಂದವರಿಗೆ, ಇವತ್ತು ನನಗೆ. ಕೂರುವ ಮೊದಲೇ ಕೈಗೆ ಬಿಸಿ ಬನ್ಸ್ ಬಂತು. ಬರೆಯುವವರು ಯಾರ ಕಡೆಗೂ ವಾಲಬಾರದು ಅನ್ನುತ್ತಾರೆ. ಮೂರನೆಯ ಬನ್ಸ್ ಮುಗಿಯುವ ಹೊತ್ತಿಗೆ ನಾನು ಆ ಹಂಬಲ ಬಿಟ್ಟೆ.

ದಿನಕ್ಕೆ ಇನ್ನೂರು ಬನ್ಸ್. ಐದು ಕೆಜಿ ಮೈದಾ, ಸಿಪ್ಪೆ ಸಮೇತ ನಾಲ್ಕು ಕೆಜಿ ಹಣ್ಣು, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ. ಹಿಂದಿನ ಸಂಜೆಯೇ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಡುತ್ತಾರೆ. ಹಣ್ಣಿನ ನೀರಲ್ಲೇ ಹಿಟ್ಟು ನಾದಬೇಕು, ಬೇರೆ ನೀರು ಒಂದು ಹನಿಯೂ ಮುಟ್ಟಿಸುವಂತಿಲ್ಲ. ಆರೂವರೆಗೆ ಬನ್ಸಕ್ಕನ ಗಂಡ ಸ್ಕೂಟರಿನಲ್ಲಿ ಡಬ್ಬಗಳನ್ನು ಆಸ್ಪತ್ರೆಯೆದುರಿನ ಚಹಾ ಅಂಗಡಿಗೆ ಮುಟ್ಟಿಸುತ್ತಾರೆ. ಅವರು ಪ್ಲಂಬರ್. ಮುಂದೆ ಬನ್ಸಿನ ಡಬ್ಬ, ಹಿಂದೆ ಪೈಪು. ಎಂಟು ಗಂಟೆಗೆ ಅಂಗಡಿಯಲ್ಲಿ ಬನ್ಸ್ ಕೇಳಿದರೆ ಖಾಲಿ ಡಬ್ಬ ತೋರಿಸುತ್ತಾರೆ.

ಸ್ಟೂಲಿನ ಕಥೆ ಮೊದಲು ಹೇಳಬೇಕು. ಬನ್ಸಕ್ಕ ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯೊಂದರ ಇಸ್ತ್ರಿ ವಿಭಾಗದಲ್ಲಿದ್ದರು. ದಿನವಿಡೀ ನಿಂತೇ ಇರಬೇಕು. ಕಾಲಿನ ನರ ಊದಿಕೊಂಡಾಗ, ಮಧ್ಯಾಹ್ನ ಅರ್ಧ ಗಂಟೆ ಕೂರಲು ಒಂದು ಕುರ್ಚಿ ಕೊಡಿ ಎಂದು ಸೂಪರ್‌ವೈಸರನ್ನು ಕೇಳಿದರು. ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬ ಉತ್ತರ ಬಂತು. ಎಲ್ಲರಿಗೂ ಕೊಡಿ ಅಂದರು ಇವರು. ವಾರ ಕಳೆಯುವುದರೊಳಗೆ ಕೆಲಸ ಹೋಯಿತು.

"ಕೆಲಸ ಹೋಗಿದ್ದಕ್ಕೆ ಅಳಲಿಲ್ಲ. ಹನ್ನೊಂದು ವರ್ಷ ಯಾಕೆ ಕೇಳ್ಲಿಲ್ಲ ಅಂತ ಅತ್ತೆ," ಅನ್ನುತ್ತಾರೆ.

ಮನೆಯಲ್ಲಿ ಬನ್ಸ್ ಶುರು ಮಾಡಿದಾಗ ಗಂಡನಿಗೆ ಹೇಳಿದ ಮೊದಲ ಕೆಲಸ, ಕೂತು ಕರಿಯುವ ಹಾಗೆ ಒಲೆಗೊಂದು ತಗ್ಗಾದ ಸ್ಟ್ಯಾಂಡು. ಆಮೇಲೆ ಗಂಡನ ಮನೆ ಬಿಟ್ಟು ಬಂದ ನಾದಿನಿ ಜೊತೆಯಾದರು, ಸ್ಟೂಲು ಎರಡಾಯಿತು. ಅತ್ತಿಗೆ ಬಾಯಿ ಮಾಡುತ್ತಾರೆ, ಕೆಲಸ ನಾನು ಮಾಡುತ್ತೇನೆ ಎಂಬುದು ನಾದಿನಿಯ ದೂರು. ಬನ್ಸಕ್ಕ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಆದರೆ ಈ ಒಲೆ ಆರಿದರೆ ನಾದಿನಿಗೆ ಬೇರೆ ದಾರಿಯಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು.

ಅದನ್ನು ಆರಿಸಲು ಹೊರಟವರು ಈ ಕಟ್ಟಡದ ಸಂಘದವರು. ವಾಸನೆಯ ದೂರು ಬಂತೆಂದು ಹದಿನೈದು ದಿನದ ಕೆಳಗೆ ಲಿಫ್ಟಿನ ಪಕ್ಕ ನೋಟಿಸ್ ಅಂಟಿಸಿದ್ದಾರೆ: ಕೊಳೆತ ಹಣ್ಣಿನಿಂದ ತಿಂಡಿ ತಯಾರಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಇವತ್ತು ಹತ್ತು ಗಂಟೆಗೆ ಸಭೆ ಸೇರಿ ತೀರ್ಮಾನ ಮಾಡಲಿದ್ದಾರೆ.

ಕೊಳೆತದ್ದು ಎನ್ನಿಸಿಕೊಂಡ ಹಣ್ಣು ನನ್ನೆದುರೇ ಇದೆ. ಓಣಿಯ ಕಡೆಗಿನ ಕಿಟಕಿಯ ಸರಳಿಗೆ ನಾಲ್ಕು ಚಿಪ್ಪು ನೇತಾಡುತ್ತಿವೆ. ಸಿಪ್ಪೆ ಕಪ್ಪೋ ಕಪ್ಪು. ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಹಣ್ಣನ್ನೇ ಬನ್ಸಕ್ಕ ಹುಡುಕಿ ತರುತ್ತಾರೆ. ಬಡತನಕ್ಕಲ್ಲ, ಬನ್ಸಿಗೆ ಅದೇ ಬೇಕು. ಒಂದನ್ನು ಸುಲಿದು ಕೊಟ್ಟರು. ಒಳಗೆ ಜೇನಿನ ಬಣ್ಣ, ನಾಲಿಗೆಗೆ ಬರೀ ಸಿಹಿ. ಕೊಳೆತದ್ದಾದರೆ ಹುಳಿ ವಾಸನೆ ಬರುತ್ತದೆ, ತೊಟ್ಟಿನ ಹತ್ತಿರ ನೀರು ಸೋರುತ್ತದೆ, ಅಂಥದ್ದು ಕಸಕ್ಕೆ ಎಂದು ವಿವರಿಸಿದರು.

ಮೊದಲ ವರ್ಷ ಈ ಹಣ್ಣನ್ನು ಅವರೇ ಗೋಣಿಚೀಲದಡಿ ಮುಚ್ಚಿಡುತ್ತಿದ್ದರಂತೆ. ಒಮ್ಮೆ ಪಕ್ಕದ ಮನೆಯಾಕೆ ನೋಡಿ ಮೂಗು ಮುರಿದಾಗ ನಾಚಿಕೆಯಾಗಿ, ಚಿನ್ನದಂಥ ಹಳದಿ ಹಣ್ಣು ಕೊಂಡು ತಂದರು. ಹಿಟ್ಟಿಗೆ ಸಿಹಿ ಹತ್ತಲಿಲ್ಲ. ಸಕ್ಕರೆ ಸುರಿದರು. ಎಣ್ಣೆಗೆ ಬಿಟ್ಟ ಕೂಡಲೇ ಹೊರಗೆ ಕೆಂಪಾಯಿತು, ಒಳಗೆ ಹಸಿ ಉಳಿಯಿತು. ಗೊತ್ತಿದ್ದೂ ಅರವತ್ತು ಬನ್ಸ್ ಅಂಗಡಿಗೆ ಕಳಿಸಿದರು. ರಾತ್ರಿಪಾಳಿ ಮುಗಿಸಿ ಬಂದ ನರ್ಸಮ್ಮ ಅರ್ಧ ತಿಂದ ಬನ್ಸನ್ನು ಕಾಗದದಲ್ಲಿ ಸುತ್ತಿಕೊಂಡು ಈ ಬಾಗಿಲಿಗೇ ಬಂದರು. ಬೈಯಲಿಲ್ಲ, ಮೈ ಹುಷಾರಿಲ್ಲವೇ ಎಂದು ಕೇಳಿದರು.

"ನನ್ನ ಮಾನ ಉಳಿಸ್ಕೊಳ್ಳೋಕೆ ಹೋಗಿ ಬನ್ಸಿನ ಮಾನ ಕಳೆದೆ," ಅನ್ನುವಾಗ ಬನ್ಸಕ್ಕ ಸೌಟು ಆಡಿಸುವುದನ್ನು ನಿಲ್ಲಿಸುತ್ತಾರೆ. "ಅವತ್ತೇ ಗೋಣಿಚೀಲ ಬಿಸಾಕಿದೆ. ನೋಡೋರು ನೋಡ್ಲಿ ಅಂತ ಕಿಟಕಿಗೇ ಕಟ್ಟಿದೆ."

ನೋಟಿಸಿಗೂ ಅವರ ಉತ್ತರ ಅದೇ ಧಾಟಿಯದು. ಅದರ ಕೆಳಗೇ ತಮ್ಮದೊಂದು ಚೀಟಿ ಅಂಟಿಸಿದ್ದಾರೆ: ಹಣ್ಣು ನೋಡಲು ಬೆಳಿಗ್ಗೆ ಐದಕ್ಕೆ ಬನ್ನಿ, ಬಾಗಿಲು ತೆರೆದಿರುತ್ತದೆ. ಹದಿನೈದು ದಿನದಲ್ಲಿ ಸಂಘದ ಒಂದು ನರಪಿಳ್ಳೆಯೂ ಬಂದಿಲ್ಲ. ನೋಡದೆ ಹೆಸರಿಡುವುದು ಸುಲಭ, ಅದಕ್ಕೆ ಬೇಗ ಏಳಬೇಕಾಗಿಲ್ಲ.

ಹತ್ತು ಗಂಟೆಗೆ ನಾನೂ ಸಭೆಗೆ ಹೋದೆ. ಕೆಳಗಡೆ ಕಾರು ನಿಲ್ಲಿಸುವ ಜಾಗದಲ್ಲಿ ಇಪ್ಪತ್ತೈದು ಕುರ್ಚಿ. ಬನ್ಸಕ್ಕ ಡಬ್ಬ ತುಂಬ ಬನ್ಸ್ ತಂದು ಎಲ್ಲರನ್ನೂ ಒಲಿಸಿಕೊಳ್ಳುತ್ತಾರೆ ಎಂದು ಹಲವರು ಎಣಿಸಿದ್ದರು. ನಾನೂ ಎಣಿಸಿದ್ದೆ. ಅವರು ತಂದದ್ದು ಕರ್ರಗಿನ ಒಂದು ಚಿಪ್ಪು ಹಣ್ಣು. ಕಾರ್ಯದರ್ಶಿಗಳು ದೂರು ಓದಿ ಮುಗಿಸಿದ ಮೇಲೆ ಹೋಗಿ ಅದನ್ನು ಅವರ ಮೇಜಿನ ಮೇಲಿಟ್ಟರು. ಒಂದು ಹಣ್ಣು ಕಿತ್ತು, ಸುಲಿದು, ಎಲ್ಲರೆದುರೇ ನಿಧಾನವಾಗಿ ತಿಂದರು. ಎರಡನೆಯದನ್ನೂ ತಿಂದರು.

"ಇದು ಕೊಳೆತಿದ್ರೆ ನಾಳೆ ಬೆಳಿಗ್ಗೆ ನಾನು ಏಳಲ್ಲ ಸಾರ್," ಅಂದರು. "ಎದ್ರೆ ಬನ್ಸ್ ಕರೀತೀನಿ."

ಯಾರೋ ಹಿಂದಿನಿಂದ, ಕಾರ್ಯದರ್ಶಿಗಳೇ, ನೀವು ಒಮ್ಮೆಯಾದರೂ ಹೋಗಿ ನೋಡಿದ್ದೀರಾ ಎಂದು ಕೇಳಿದರು. ಇಲ್ಲ. ನಗು ಹಬ್ಬಿತು. ಕೊನೆಗೆ, ನಾಳೆ ಬೆಳಿಗ್ಗೆ ಕಾರ್ಯದರ್ಶಿಗಳೇ ಹೋಗಿ ನೋಡುವುದು, ಅವರು ಹೇಳಿದ್ದೇ ಕೊನೆಯ ಮಾತು ಎಂದಾಯಿತು. ಹಾಗಾಗಿ ನಾನೂ ಮರುದಿನಕ್ಕೆ ಅಲಾರಂ ಇಟ್ಟೆ.

ಈಗ ಐದು ಗಂಟೆ. ಬನ್ಸಕ್ಕ ಎದ್ದಿದ್ದಾರೆ. ಎಣ್ಣೆ ಕಾದಿದೆ, ನಾದಿನಿ ಆಗಲೇ ಲಟ್ಟಿಸತೊಡಗಿದ್ದಾರೆ. ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಕಾರ್ಯದರ್ಶಿಗಳು ನೇರ ಅಡುಗೆಮನೆಗೆ ಬಂದರು. ಕಿಟಕಿಯಿಂದ ಒಂದು ಹಣ್ಣು ಕಿತ್ತು ಮೂಸಿದರು, ಸುಲಿದರು, ಮುರಿದು ನೋಡಿದರು. ಕಸದ ಬುಟ್ಟಿ ನೋಡಿದರು, ಎಣ್ಣೆ ನೋಡಿದರು, ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡಿದರು. ನಾದಿನಿ ಲಟ್ಟಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಬನ್ಸಕ್ಕ ಮಾತ್ರ ತಿರುಗಿಯೂ ನೋಡದೆ ಆರು ಬನ್ಸ್ ಎತ್ತಿ ಜಾಲರಿಗೆ ಹಾಕಿದರು.

ಕಡೆಗೆ ಕಾರ್ಯದರ್ಶಿಗಳು, ಹಣ್ಣಿನಲ್ಲಿ ದೋಷವಿಲ್ಲ, ನೋಟಿಸ್ ತೆಗೆಸುತ್ತೇನೆ, ಹೊಗೆ ಹೊರಗೆ ಹೋಗಲು ಒಂದು ಫ್ಯಾನ್ ಹಾಕಿಸಿ ಅಂದರು. ಅಷ್ಟು ಹೇಳಿ ಹೊಸ್ತಿಲಾಚೆ ಹೋಗಿ ನಿಂತವರು ಮೆಟ್ಟಿಲಿಳಿಯಲೂ ಇಲ್ಲ, ಮತ್ತೆ ಒಳಗೆ ಬರಲೂ ಇಲ್ಲ. ಸೋತವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಬನ್ಸಕ್ಕ ನನ್ನತ್ತ ನೋಡಿದರು. ನಾನು ಎದ್ದು ಮೂರನೆಯ ಸ್ಟೂಲನ್ನು ಬಾಗಿಲ ಕಡೆಗೆ ಸರಿಸಿದೆ.

"ಫ್ಯಾನ್ ಹಾಕಿಸ್ತೀನಿ ಸಾರ್. ಕೂತ್ಕೊಳ್ಳಿ," ಅಂದರು. "ಈ ಮನೇಲಿ ಯಾರನ್ನೂ ನಿಲ್ಲಿಸಿ ಮಾತಾಡ್ಸಲ್ಲ."